ಅಂಗನವಾಡಿಯ ಅಂಗಳದಾಗ ಯಾವ ಭಾಷಾ?

(ಅಕ್ಕಲಕೋಟ ತಾಲೂಕಿನ ಕನ್ನಡ ಯುವಕ-ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನನಗ ಕೊಟ್ಟ ವಿಷಯ ಗಡಿಭಾಗದ ಕನ್ನಡ ಶಾಲೆಗಳು. ಆ ವಿಷಯದ ಮ್ಯಾಲ ಮಾತಾಡೋರು ಭಾಳ ಮಂದಿ ಅದಾರ, ನನಗಿಂತ ಜೋರಾಗಿ ಮಾತಾಡ್ತಾರ. ನಾ ಇವತ್ತ ಶಾಲೆಗಿಂತ ಮೊದಲಿನ ಮಾತು ಆಡಾಕಿ. ಮೂರು ವರ್ಷದಿಂದ ಆರು ವರ್ಷದ ತನಕ ಕೂಸು ಎಲ್ಲಿರ್ತದ, ಅಲ್ಲಿ ಯಾವ ಮಾತು ಅದರ ಕಿವಿಗಿ ಬೀಳ್ತದ, ಇಷ್ಟ ನನ್ನ ವಿಷಯ.

ಯಾಕಂದ್ರ, ಪ್ರತಿ ಜೂನ್ ತಿಂಗಳದಾಗ ನಾವು ಏನ್ ಮಾಡ್ತೀವಿ? ಕನ್ನಡ ಶಾಲೆಯ ಒಂದನೇ ಇಯತ್ತೆಗೆ ಎಷ್ಟು ಮಕ್ಕಳು ಬಂದ್ರು ಅಂತ ಎಣಿಸ್ತೀವಿ. ಪಟ ಕಡಿಮಿ ಆಗ್ಯದ ಅಂತ ಮನವಿ ಕೊಡ್ತೀವಿ, ಫೋಟೋ ಹಾಕ್ತೀವಿ. ಆದ್ರ ಆ ಕೂಸು ಯಾವ ಶಾಲೆಗೆ ಹೋಗಬೇಕು ಅನ್ನೋದು ಜೂನ್ ತಿಂಗಳದಾಗ ತೀರ್ಮಾನ ಆಗೋದಿಲ್ಲ. ಅದು ಎರಡು-ಮೂರು ವರ್ಷದ ಹಿಂದ, ಅವ್ವನ ಕೈ ಹಿಡ್ಕೊಂಡು ಅಂಗನವಾಡಿ ಹೊಸ್ತಿಲಾ ದಾಟಿದ ದಿನಾನ ಅರ್ಧ ಆಗಿರ್ತದ. ಅಲ್ಲಿ ಹಾಡು ಮರಾಠಿ, ಬಣ್ಣದ ಹೆಸರು ಮರಾಠಿ, ಗೋಡಿ ಮ್ಯಾಲಿನ ತಕ್ತಾ ಮರಾಠಿ ಇದ್ರ, ಆರನೇ ವರ್ಷಕ್ಕ ಅಪ್ಪ ಅಂತಾನ, "ಈಗ ರೂಢಿ ಆಗ್ಯದ, ಮುಂದೂ ಅಲ್ಲೇ ಹಾಕೂಣು." ಆ ಅಪ್ಪನ ಮ್ಯಾಲ ಸಿಟ್ಟು ಮಾಡಿ ಏನು ಬಂತು? ಅವನು ಹೇಳೋದು ಖರೆ ಅದ, ಕೂಸಿಗಿ ರೂಢಿ ಆಗ್ಯದ.

ನಾನು ಭಾಳ ವರ್ಷ ಕನ್ನಡ ಮಾಧ್ಯಮದ ಒಂದನೇ ಇಯತ್ತೆಗೆ ಕಲಿಸಿದಾಕಿ. ಮನ್ಯಾಗ ಪೂರಾ ಕನ್ನಡ, ಅಂಗನವಾಡ್ಯಾಗ ಪೂರಾ ಮರಾಠಿ, ಇಂಥ ಮಕ್ಕಳು ನನ್ನ ಮುಂದ ಬಂದು ಕೂಡ್ತಿದ್ದರು. ಅವರ ಮಾತು ಕೇಳಿದ್ರ ಗೊತ್ತಾಗ್ತದ. ಅವ್ವ, ನೀರು, ರೊಟ್ಟಿ, ಎಮ್ಮಿ, ಮಳಿ, ಇವು ಕನ್ನಡದಾಗ. ತಾಂಬಡಾ, ಪಿವಳಾ, ಗೋಲ, ಚೌಕೋನ, ಏಕ, ದೋನ, ತೀನ, ಇವು ಮರಾಠಿಯಾಗ. ಅಂದ್ರ ಬದುಕಿನ ಮಾತು ಒಂದು ಭಾಷಾ, ಕಲಿಕೆಯ ಮಾತು ಇನ್ನೊಂದು ಭಾಷಾ ಅಂತ ಐದನೇ ವರ್ಷಕ್ಕ ಆ ಕೂಸಿನ ತಲಿಯೊಳಗ ಎರಡು ಖಾನೆ ಆಗಿಬಿಟ್ಟಿರ್ತಾವ. ಕನ್ನಡ ಅಂದ್ರ ಮನ್ಯಾಗ ಆಡೋದು, ಓದೋ ಬರಿಯೋ ಭಾಷಾ ಅದಲ್ಲ ಅಂತ ಅದಕ್ಕ ಯಾರೂ ಬಾಯಿಬಿಟ್ಟು ಹೇಳಿಲ್ಲ. ತಾನ ಕಲ್ತುಕೊಂಡದ.

ಇದಕ್ಕಿಂತ ನನಗ ಹೆಚ್ಚು ಚಿಂತಿ ಹಚ್ಚೋದು ಮಾತಾಡೋ ಮಕ್ಕಳಲ್ಲ, ಮಾತಾಡದ ಮಕ್ಕಳು.

ಮೂರು ವರ್ಷದ ಕೂಸು ಮನ್ಯಾಗ ಬಾಯಿ ಮುಚ್ಚೋದಿಲ್ಲ. ಅದೇನು, ಇದ್ಯಾಕ, ಅಂವ ಯಾರು ಅಂತ ಅಜ್ಜಿ ಜೀವ ತಿಂತದ. ಅದ ಕೂಸು ತನಗ ತಿಳಿಯದ ಮಾತಿನ ನಡುವ ಕೂತ್ರ ಮೂಕ ಆಗ್ತದ. ಸೇವಿಕಾ ತಾಯಿ "ಇಕಡೆ ಯೆ" ಅಂದ್ರ ಬಾಜೂಕಿನ ಹುಡುಗನ ಮುಖ ನೋಡ್ತದ, ಅವನು ಎದ್ರ ತಾನೂ ಏಳ್ತದ. ಹಾಡು ಹಾಡುವಾಗ ಕೈ ಆಡಿಸ್ತದ, ತುಟಿ ಆಡಿಸೋದಿಲ್ಲ. ಒಂದಕ್ಕ ಬಂದ್ರ ಹ್ಯಾಂಗ ಕೇಳಬೇಕು ಗೊತ್ತಾಗದ ಚಡ್ಡಿ ಒದ್ದಿ ಮಾಡ್ಕೋತದ. ಆಮ್ಯಾಲ ಮಂದಿ ಅಂತಾರ, "ಇದು ಸ್ವಲ್ಪ ಮಂದ ಅದ." ಮಂದ ಅಲ್ಲರೀ ಅದು! ಹೊಸ ಭಾಷೆಯ ನಡುವೆ ಬಿದ್ದ ಚಿಕ್ಕ ಮಕ್ಕಳು ಕೆಲವು ತಿಂಗಳು ಸುಮ್ಮನಿರೋದು ಸಹಜ. ಬಾಯಿ ಮುಚ್ಚಿದ್ರೂ ಕಿವಿ ಕೆಲಸ ಮಾಡ್ತಿರ್ತದ. ಆದ್ರ ಆ ಮೌನವನ್ನು ದಡ್ಡತನ ಅಂತ ಯಾರೋ ಅಂದು, ಅದು ಅವ್ವನ ಕಿವಿಗಿ ಬಿದ್ದು, ಅವ್ವ "ನನ್ನ ಮಗಾ ಹುಷಾರಿಲ್ಲ" ಅಂತ ನಂಬಿದಳಂದ್ರ, ಆ ಕೂಸು ಮುಂದ ಯಾವ ಮಾಧ್ಯಮಕ್ಕ ಹೋದ್ರೂ ಆ ಮಾತು ಬೆನ್ನ ಹಿಂದ ಬರ್ತದ.

ಈ ವಯಸ್ಸಿನಾಗ ಕಲಿಯೋದಾದ್ರೂ ಏನು? ಭಾಳ ಮಂದಿ ತಿಳಿದಿರೋದು ಅ ಆ ಇ ಈ, ಒಂದು ಎರಡು ಬರಿಯೋದು ಅಂತ. ಅಲ್ಲ. ನಾಕು ವರ್ಷದ ಕೂಸಿನ ಬೆರಳು ಇನ್ನೂ ಪೇಣೆ ಹಿಡಿಯೋದಕ್ಕ ಬಲಿತಿರೋದಿಲ್ಲ. ಆ ವಯಸ್ಸಿನ ಕಲಿಕೆ ಅಂದ್ರ ಮಾತು. ನಿನ್ನೆ ಏನಾಯ್ತು ಹೇಳೋದು. ಕಥಿ ಕೇಳಿ ಮುಂದ ಏನಾಗಬಹುದು ಅಂತ ಊಹಿಸೋದು. ಯಾಕ, ಹಂಗಾದ್ರ, ಆಮ್ಯಾಲ, ಇಂಥ ಶಬ್ದ ಹಿಡ್ಕೊಂಡು ಎರಡು ಸಂಗತಿ ಜೋಡಿಸೋದು. "ಕಮಲ"ದಾಗಿನ ಕ, "ಕತ್ತಿ"ಯಾಗಿನ ಕ, ಎರಡೂ ಒಂದ ಸಪ್ಪಳ ಅಂತ ಕಿವಿಲೆ ಗುರುತು ಹಿಡಿಯೋದು. ಮುಂದ ಓದು ಬರೋದು ಇದರ ಮ್ಯಾಲ ನಿಲ್ತದ. ತನಗ ಮಾತೇ ಗೊತ್ತಿಲ್ಲದ ಭಾಷಾದಾಗ ಕೂಸು ಸಪ್ಪಳ ಗುರುತು ಹಿಡಿಯೋದು ಹ್ಯಾಂಗ? ಬಾಯಿಪಾಠ ಮಾಡ್ತದ, ಅಷ್ಟ. ಬಾಯಿಪಾಠ ಕೇಳಿ ನಾವು ಚಪ್ಪಾಳಿ ತಟ್ತೀವಿ.

ಈಗ ಒಂದು ಹಳೇ ಸಂಗತಿ ಹೇಳ್ತೀನಿ, ನಮ್ಮ ಮಹಾರಾಷ್ಟ್ರದ್ದ. ಈ "ಅಂಗನವಾಡಿ" ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತದ ಏನು? 1945ರಲ್ಲಿ ತಾರಾಬಾಯಿ ಮೋಡಕ ಅವರು ಅರಬ್ಬೀ ಸಮುದ್ರದ ದಂಡಿಗಿರೋ ಬೋರ್ಡಿ ಅನ್ನೋ ಹಳ್ಳಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಶುರು ಮಾಡಿದರು. ಅದಕ್ಕೂ ಮೊದಲು ಅವರು ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಬಾಲಮಂದಿರದ ಕೆಲಸ ಮಾಡಿದವರು. ಬೋರ್ಡಿಯಲ್ಲಿ ಅವರ ಜೊತೆಗೂಡಿದವರು ಅನುತಾಯಿ ವಾಘ. ಪೇಟೆಯ ಬಾಲವಾಡಿಯಂತೆ ಒಂದು ಖೋಲಿ ತೆರೆದು ಕೂತರೆ ಬಡವರ, ಆದಿವಾಸಿಗಳ ಮಕ್ಕಳು ಬರಲಿಲ್ಲ. ದೊಡ್ಡ ಮಗು ಸಣ್ಣ ಕೂಸು ಎತ್ತಿಕೊಳ್ಳಬೇಕು, ಆಡು ಕಾಯಬೇಕು. ಆಗ ಇವರೇನು ಮಾಡಿದರು? ಮಕ್ಕಳು ಬಾಲವಾಡಿಗೆ ಬರದಿದ್ರ ಬಾಲವಾಡೀನ ಮಕ್ಕಳ ಅಂಗಳಕ್ಕ ಒಯ್ದರು. ಮನಿ ಮುಂದಿನ ಅಂಗಣದಾಗ ನಡೆಯೋ ವಾಡಿ, ಅದ ಅಂಗಣವಾಡಿ. ಮುಂದ 1957ರಲ್ಲಿ ಆ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಯಿತು. ವಾರ್ಲಿ ಮಕ್ಕಳ ನಡುವೆ ಅನುತಾಯಿ ದಶಕಗಳ ಕಾಲ ದುಡಿದರು. ಅವರ ಆಟದ ಸಾಮಾನು ಏನು? ಎಲಿ, ಬೀಜ, ಕಲ್ಲು, ಚಿಪ್ಪು, ಮಣ್ಣು. ಹೊರಗಿನಿಂದ ತಂದ ದುಬಾರಿ ಮಾಂಟೆಸ್ಸೊರಿ ಪೆಟ್ಟಿಗೆ ಅಲ್ಲ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಕೇಂದ್ರಗಳು ದೇಶಕ್ಕೆಲ್ಲ ಅಂಗನವಾಡಿ ಅಂತಲೇ ಪರಿಚಯ ಆದವು. ನಮ್ಮ ಕನ್ನಡದಾಗ ಅಂಗಳ, ಅವರ ಮರಾಠಿಯಾಗ ಅಂಗಣ. ಶಬ್ದ ಸುದ್ದಾ ಎರಡೂ ಮನಿಯದು. ನನ್ನ ಮಾತು ಇಷ್ಟ: ಕೂಸಿನ ಅಂಗಳಕ್ಕ ಹೋಗಿ ಕಲಿಸಬೇಕು ಅಂತ ಹುಟ್ಟಿದ ಕೆಲಸ ಅದು. ಅಂಗಳದಾಗ ಕನ್ನಡ ಇದ್ರ ಅಂಗನವಾಡ್ಯಾಗೂ ಕನ್ನಡ ಇರಬೇಕಾದದ್ದು ನಾವು ಬೇಡೋ ಹೊಸ ಸವಲತ್ತು ಅಲ್ಲ, ಆ ಹೆಸರಿನೊಳಗ ಅದ ಅದು.

ದೂರದ ಒಂದು ಊರಿನ ಮಾತೂ ಹೇಳ್ತೀನಿ, ಯಾಕಂದ್ರ ನಮ್ಮ ಗೋಳು ನಮಗ ಅಷ್ಟ ಅಂತ ನಾವು ತಿಳಿದಿರ್ತೀವಿ. ಆಫ್ರಿಕಾದ ಪೂರ್ವ ದಂಡಿಗೆ ಕೀನ್ಯಾ ದೇಶದ ಮೊಂಬಾಸಾ ಅಂತ ಬಂದರು ಪಟ್ಟಣ ಅದ. ಅಲ್ಲಿ ಸ್ವಾಹಿಲಿ ಮಾತಾಡೋ ಮುಸ್ಲಿಂ ಸಮುದಾಯದ ಮಂದಿಗೆ ಒಂದು ಕೊರತಿ ಇತ್ತು. ಮಕ್ಕಳು ಕುರಾನ್ ಓದೋದಕ್ಕ ಮದ್ರಸಾಕ್ಕ ಹೋಗ್ತಿದ್ದರು, ಸರಕಾರಿ ಶಾಲ್ಯಾಗ ಹಿಂದ ಬೀಳ್ತಿದ್ದರು. 1980ರ ದಶಕದಲ್ಲಿ ಅವರು ಆಗಾಖಾನ್ ಪ್ರತಿಷ್ಠಾನದ ನೆರವು ಪಡೆದು ಮದ್ರಸಾದ ಜಾಗದಲ್ಲೇ ಶಿಶುಶಾಲೆ ಶುರು ಮಾಡಿದರು. ಸ್ವಾಫಿಯಾ ಸೈದ್ ಅನ್ನೋ ಶಿಕ್ಷಕಿ ಆ ಕೆಲಸಕ್ಕ ಬೆನ್ನೆಲುಬು. ಆ ಊರಿನ ಹೆಣ್ಣುಮಕ್ಕಳನ್ನ ಆರಿಸಿ ತರಬೇತಿ ಕೊಟ್ಟರು. ಸ್ವಾಹಿಲಿ ಹಾಡು, ಸ್ವಾಹಿಲಿ ಕಥಿ, ಊರಾಗ ಸಿಗೋ ಪುಕ್ಕಟೆ ಸಾಮಾನು. ಶಾಲೆ ನಡೆಸೋ ಜವಾಬ್ದಾರಿ ಊರಿನ ಸಮಿತಿಯದು. ಮುಂದ 1990ರಲ್ಲಿ ಝಾಂಜಿಬಾರಕ್ಕೂ, 1993ರಲ್ಲಿ ಯುಗಾಂಡಾಕ್ಕೂ ಅದು ಹಬ್ಬಿತು.

ಕೀನ್ಯಾದ ಇನ್ನೊಂದು ಮಾತು ನಮಗ ಭಾಳ ಹತ್ತಿರದ್ದು. ಸ್ವಾಹಿಲಿ ಅಲ್ಲಿ ರಾಷ್ಟ್ರಭಾಷೆ ಖರೆ, ಆದ್ರ ಒಳನಾಡಿನ ಎಷ್ಟೋ ಮಕ್ಕಳ ಮನಿ ಮಾತು ಸ್ವಾಹಿಲಿ ಅಲ್ಲ. ಒಬ್ಬರದು ಕಿಕುಯು, ಒಬ್ಬರದು ಲುವೋ, ಇನ್ನೊಬ್ಬರದು ಕಂಬಾ. ಅವರಿಗೆ ಸ್ವಾಹಿಲಿ ಅಂದ್ರ ನಮ್ಮ ಅಕ್ಕಲಕೋಟ ಕೂಸಿಗಿ ಮರಾಠಿ ಇದ್ದಂಗ. ಅದಕ್ಕ ಆ ದೇಶದ ನೀತಿ ಏನಂತದ? ಮೊದಲ ವರ್ಷಗಳಲ್ಲಿ ಶಾಲೆ ಇರುವ ಆ ಸುತ್ತಿನ ಮಂದಿ ಆಡೋ ಭಾಷೆಯಲ್ಲಿ ಕಲಿಸಬೇಕು. ರಾಜಧಾನಿ ಭಾಷಾ ಅಲ್ಲ, ಶಾಲಿ ಸುತ್ತಲಿನ ಭಾಷಾ. ಅಲ್ಲೂ ಎಲ್ಲಾ ಕಡಿ ಅದು ನಡದದ ಅಂತ ತಿಳೀಬ್ಯಾಡ್ರಿ. ಅಲ್ಲಿಯ ಅವ್ವಂದಿರೂ ನಮ್ಮ ಅವ್ವಂದಿರ ಹಂಗ "ಇಂಗ್ಲಿಷ್ ಯಾವಾಗ ಕಲಿಸ್ತೀರಿ?" ಅಂತ ಕೇಳ್ತಾರ. ದೇಶ ಬ್ಯಾರೆ ಆದ್ರೂ ಅವ್ವನ ಹೆದರಿಕಿ ಒಂದ.

ಇನ್ನ ಕಾನೂನಿನ ಮಾತು. ಬೇಸರ ಮಾಡ್ಕೋಬ್ಯಾಡ್ರಿ, ನಿಮಗ ಬೇಕಾಗ್ತದ.

ನಾವೆಲ್ಲ ಮಾತೆತ್ತಿದರೆ ಸಂವಿಧಾನದ 350ಎ ಕಲಮು ಅಂತೀವಿ. 1956ರ ಏಳನೇ ತಿದ್ದುಪಡಿಯಿಂದ ಬಂದದ್ದು ಅದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಬೇಕು ಅನ್ನುತ್ತದೆ. "ಪ್ರಾಥಮಿಕ ಹಂತ" ಅನ್ನೋ ಶಬ್ದದ ಮ್ಯಾಲ ಬೆರಳಿಡ್ರಿ. ಅದು ಒಂದನೇ ಇಯತ್ತೆಯಿಂದ ಶುರು. ಅದಕ್ಕಿಂತ ಮೊದಲಿನ ಮೂರು ವರ್ಷ ಆ ಕಲಮಿನ ಮಾತಿನೊಳಗ ಬರೋದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮು ಮೂರರಿಂದ ಆರು ವರ್ಷದ ಮಕ್ಕಳಿಗೆ ಸರಕಾರ ಪೂರ್ವಪ್ರಾಥಮಿಕ ಶಿಕ್ಷಣದ ವ್ಯವಸ್ಥೆ "ಮಾಡಬಹುದು" ಅಂತದ, ಮಾಡಲೇಬೇಕು ಅನ್ನೋದಿಲ್ಲ. ಅಲ್ಲಿ ಭಾಷೆಯ ಸುದ್ದೀನ ಇಲ್ಲ. ಹೀಗಾಗಿ ಪುಣೆಯ ಬಾಲಭಾರತಿ ಒಂದನೇ ಇಯತ್ತೆಯಿಂದ ಕನ್ನಡ ಪುಸ್ತಕ ಅಚ್ಚು ಹಾಕ್ತದ. ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗು ಜೊತೆಗೆ ಕನ್ನಡವೂ ಸೇರಿ ಎಂಟು ಭಾಷೆಯಲ್ಲಿ ಪುಸ್ತಕ ತರುವ ಸಂಸ್ಥೆ ಅದು, ಅದರ ಬಗ್ಗೆ ನನಗ ಗೌರವ ಅದ. ಆದ್ರ ಪುಸ್ತಕ ಆರನೇ ವರ್ಷಕ್ಕ ಬರ್ತದ, ಮಾತು ಮೂರನೇ ವರ್ಷಕ್ಕ ಬದಲಾಗಿರ್ತದ. ನಮ್ಮ ಸೋರಿಕಿ ಎಲ್ಲಾ ಈ ಸಂದಿಯೊಳಗ ಅದ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಸಂದಿ ಸ್ವಲ್ಪ ಮುಚ್ಚಿದೆ. ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಅಂತ ಮಾಡಿದೆ, ಅದರೊಳಗ ಅಂಗನವಾಡಿಯೂ ಬಂತು. ಸಾಧ್ಯ ಇದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿಯ ತನಕ ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆಯಲ್ಲಿ ಕಲಿಸಬೇಕು ಅಂತದ. ನಾಲ್ಕು ಶಬ್ದ ಸಾಲಾಗಿ ಇಟ್ಟಾರ ನೋಡ್ರಿ. ಸಾತಾರಾದಾಗ ನಾಲ್ಕಕ್ಕೂ ಉತ್ತರ ಮರಾಠಿ. ನಮ್ಮ ಊರಾಗ ಮನೆಮಾತು ಕನ್ನಡ, ಮಾತೃಭಾಷೆ ಕನ್ನಡ, ಸ್ಥಳೀಯ ಭಾಷೆ ಕನ್ನಡ, ಪ್ರಾದೇಶಿಕ ಅಂದ ಕೂಡಲೇ ಮರಾಠಿ. ಸಾಹೇಬರು ನಾಲ್ಕನೇ ಶಬ್ದ ಹಿಡೀತಾರ, ನಾವು ಮೊದಲನೇ ಶಬ್ದ ಹಿಡೀಬೇಕು.

ಎಲ್ಲಕ್ಕಿಂತ ಕೆಲಸಕ್ಕ ಬರೋ ಮಾತು ಇನ್ನೊಂದದ. ಇತ್ತೀಚಿನ ವರ್ಷಗಳಲ್ಲಿ ಮಹಾರಾಷ್ಟ್ರದಾಗ ಅಂಗನವಾಡಿ ಸೇವಿಕಾ, ಮದತನೀಸ ಹುದ್ದೆಗಳಿಗೆ ಬಂದ ಭರ್ತಿ ಜಾಹೀರಾತು ಒಂದಾದ್ರೂ ಪೂರಾ ಓದೀರೇನು? ಆ ಅಂಗನವಾಡಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮರಾಠಿ ಬಿಟ್ಟು ಬ್ಯಾರೆ ಭಾಷಾ ಮಾತಾಡೋರಿದ್ರ, ಅರ್ಜಿ ಹಾಕಿದಾಕಿಗೆ ಮರಾಠಿ ಜೊತಿಗೆ ಆ ಭಾಷಾನೂ ಓದಲಿಕ್ಕೆ ಬರೀಲಿಕ್ಕೆ ಬರಬೇಕು ಅಂತ ಷರತ್ತು ಅದ. ಉರ್ದು, ಗೋಂಡಿ, ಕೊರ್ಕು, ತೆಲುಗು ಹೆಸರಿನ ಜೊತಿಗೆ ಕನ್ನಡದ ಹೆಸರೂ ಆ ಸಾಲಿನಾಗ ಅದ. ಹನ್ನೆರಡನೇ ಇಯತ್ತಾ ಪಾಸಾಗಿರಬೇಕು, ಅದ ಊರಿನ ರಹಿವಾಸಿ ಇರಬೇಕು. ಅಂದ್ರ ಏನು? ನಮ್ಮೂರ ಕನ್ನಡ ಶಾಲ್ಯಾಗ ಕಲಿತು ಮುಂದ ಓದಿದ ಹೆಣ್ಣುಮಗಳು ಹಕ್ಕಿನಿಂದ ಕೇಳಬಹುದಾದ ಕೆಲಸ ಅದು. ನಾವು ಕನ್ನಡ ಧ್ವಜದ ಬಟ್ಟಿ ಎಷ್ಟು ಉದ್ದ ಇರಬೇಕು ಅಂತ ವಾದ ಮಾಡ್ತಾ ಕೂತಿರ್ತೀವಿ, ಅರ್ಜಿಯ ಕಡೇ ದಿನಾಂಕ ದಾಟಿರ್ತದ. ಸಿಟ್ಟು ಬಂದ್ರ ಬರಲಿ, ಹೇಳೋದು ಹೇಳೀನಿ.

ಇಲ್ಲಿ ಒಂದು ತೊಡಕಿನ ಮಾತು. ಅಕ್ಕಲಕೋಟ ತಾಲೂಕಿನ ಹಳ್ಳಿಗಳಾಗ ಎಷ್ಟೋ ಕಡಿ ಸೇವಿಕಾ ನಮ್ಮ ಕನ್ನಡದಾಕಿನ ಇರ್ತಾಳ. ಮನ್ಯಾಗ ಕನ್ನಡ, ಬಾವಿ ಕಟ್ಟಿ ಮ್ಯಾಲ ಕನ್ನಡ. ಹಂಗಾದ್ರೂ ಅಂಗನವಾಡಿ ಬಾಗಿಲಾ ತೆಗದ ಕೂಡಲೇ ಆಕಿ ಬಾಯಾಗ ಮರಾಠಿ ಬರ್ತದ. ಯಾಕ? ಆಕಿಗಿ ತರಬೇತಿ ಕೊಟ್ಟದ್ದು ಮರಾಠಿಯಾಗ. ಕೊಟ್ಟ ಹಾಡು, ತಕ್ತಾ, ಕೈಪಿಡಿ ಮರಾಠಿಯಾಗ. ಪರ್ಯವೇಕ್ಷಿಕಾ ಬಂದಾಗ ಮಕ್ಕಳು ಮರಾಠಿ ಹಾಡು ಹೇಳಿದ್ರ ಆಕಿಗಿ ಶಾಬಾಶ್. ದಿನದ ಕೆಲಸ ನೋಡ್ರಿ: ಮಕ್ಕಳ ತೂಕ ತಗೋಬೇಕು, ಪೋಷಣ್ ಟ್ರ್ಯಾಕರ್ ಆ್ಯಪಿನಾಗ ತುಂಬಬೇಕು, ಗರೋದರ ಹೆಣ್ಣುಮಕ್ಕಳ ಮನಿಗಿ ಹೋಗಬೇಕು, ಲಸಿಕಿ ದಿನ ಮಂದಿ ಕರಕೊಂಡು ಬರಬೇಕು, ಬಿಸಿ ಊಟ ನೋಡ್ಕೋಬೇಕು, ಮ್ಯಾಲ ಯಾವ ಸರ್ವೇ ಬಂದ್ರೂ ಆಕಿನ ಮಾಡಬೇಕು. ಕೈಗೆ ಬರೋದು ಪಗಾರ ಅಲ್ಲ, ಮಾನಧನ. ಅದಕ್ಕಾಗಿ 2023ರ ಡಿಸೆಂಬರದಾಗ ಮಹಾರಾಷ್ಟ್ರದ ಸೇವಿಕಾ-ಮದತನೀಸರು ವಾರಗಟ್ಟಲೆ ಸಂಪು ಹೂಡಿದ್ದು ನೀವು ನೋಡೀರಿ. ಇಂಥಾಕಿ ಮುಂದ ಹೋಗಿ "ಕನ್ನಡದಾಗ ಯಾಕ ಕಲಿಸೋದಿಲ್ಲ?" ಅಂತ ಮೊಬೈಲ್ ಹಿಡದು ವಿಡಿಯೋ ಮಾಡಬ್ಯಾಡ್ರಿ. ಆಕಿ ಕೈಯಾಗ ಕನ್ನಡದ ಹತ್ತು ಹಾಡು, ಹತ್ತು ಕಥಿ, ಒಂದು ಚೀಲ ಆಟದ ಸಾಮಾನು ಕೊಡ್ರಿ. ಆಕಿಗಿ ಬೇಕಾದದ್ದು ಅದು.

ಲೆಕ್ಕದ ಮಾತು ಹೇಳಲೇಬೇಕು, ಇದು ನನಗ ಪ್ರೀತಿಯ ವಿಷಯ. ಕನ್ನಡದಾಗ ಇಪ್ಪತ್ತೈದು ಅಂದ್ರ ಮೊದಲು ಇಪ್ಪತ್ತು, ಆಮ್ಯಾಲ ಐದು. ಬರಿಯೋದೂ ಹಂಗ, ಮೊದಲು 2, ಆಮ್ಯಾಲ 5. ಮರಾಠಿಯಾಗ ಪಂಚವೀಸ, ಅಂದ್ರ ಐದು ಮೊದಲು, ಇಪ್ಪತ್ತು ಆಮ್ಯಾಲ. ಕಿವಿಗೆ ಕೇಳೋದು ಒಂದು ಸಾಲು, ಪಾಟಿ ಮ್ಯಾಲ ಬರಿಯೋದು ಅದರ ಉಲ್ಟಾ. ಅದಕ್ಕ 25 ಬರೀ ಅಂದ್ರ ಮಕ್ಕಳು 52 ಬರೀತಾವ. 2019ರಲ್ಲಿ ಬಾಲಭಾರತಿ ಎರಡನೇ ಇಯತ್ತೆಯ ಗಣಿತ ಪುಸ್ತಕದಾಗ ಏಕವೀಸ, ಬಾವೀಸ ಜೊತಿಗೆ "ವೀಸ ಏಕ, ವೀಸ ದೋನ" ಅಂತ ಓದೋ ರೀತಿನೂ ತಂದಿತು. ಮಕ್ಕಳಿಗೆ ಹಗುರ ಆಗಲಿ ಅಂತ. ಗಣಿತ ಸಮಿತಿಯ ಅಧ್ಯಕ್ಷೆ ಮಂಗಳಾ ನಾರಳೀಕರ ಅವರು ಅದನ್ನ ಸಮರ್ಥಿಸಿದರು, ಮಹಾರಾಷ್ಟ್ರ ತುಂಬ ವಾದ ಎದ್ದಿತು, ವಿಧಾನಸಭೆ ತನಕ ಹೋಯಿತು. ನಾನು ಆಗ ಪೇಪರ್ ಓದ್ತಾ ನಕ್ಕೆ. ಮರಾಠಿ ಮಕ್ಕಳಿಗೆ ಹಗುರ ಮಾಡಾಕ ದೊಡ್ಡ ದೊಡ್ಡ ಮಂದಿ ಕೂತು ಹುಡುಕಿದ ದಾರಿ, ನಮ್ಮ ಅಜ್ಜಿ ರೊಟ್ಟಿ ಎಣಿಸುವಾಗ ದಿನಾ ಆಡೋ ಮಾತಿನಾಗ ಅದ. ಆ ಹಗುರದ ದಾರಿ ಕೈಯಾಗಿದ್ದ ಕೂಸಿಗಿ ನಾವು ಮೂರನೇ ವರ್ಷಕ್ಕ ಅದನ್ನ ಬಿಡಿಸಿ ಏಕ ದೋನ ಹಚ್ತೀವಿ. ಅಂಗನವಾಡ್ಯಾಗ ಹತ್ತರ ತನಕ ಎಣಿಕಿ ಸಾಕು. ಆದ್ರ ಮೊದಲ ಹತ್ತು ಯಾವ ಭಾಷಾದಾಗ ಬಾಯಿಗಿ ಹತ್ತಿದವೋ, ಮುಂದಿನ ತೊಂಬತ್ತೂ ಅದ ಭಾಷಾದ ಹಿಂದ ಹೋಗ್ತಾವ.

ಹಂಗಂತ ಮರಾಠಿ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ಇದನ್ನ ಗಟ್ಟಿಯಾಗಿ ಕೇಳ್ರಿ. ಮಹಾರಾಷ್ಟ್ರದಾಗ ಇದ್ದೀವಿ, ಬಸ್ಸಿನ ಪಾಟಿ ಓದಬೇಕು, ದವಾಖಾನಿಗಿ ಹೋಗಬೇಕು, ಸೋಲಾಪುರದಾಗ ಕೆಲಸ ಹಿಡೀಬೇಕು. ಮರಾಠಿ ನಮ್ಮ ಮಕ್ಕಳಿಗೆ ಚಂದಾಗಿ ಬರಲೇಬೇಕು. ಸೋಲಾಪುರ ಪಟ್ಟಣದ ಓಣ್ಯಾಗ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದ ನಳದ ಮುಂದ ಕೊಡ ಹಿಡದು ನಿಂತಿರ್ತಾವ. ಅಲ್ಲಿ ಮಕ್ಕಳು ಆಟದಾಗ ಎಲ್ಲಾ ಕಲೀತಾವ. ಪ್ರಶ್ನೆ ಬರೋದು ಯಾವುದು ಮೊದಲು, ಯಾವುದರ ಮ್ಯಾಲ ಯಾವುದು ಅನ್ನೋದು.

ಒಂದು ಉದಾಹರಣಿ. ಕಾಗಕ್ಕ ಗುಬ್ಬಕ್ಕನ ಕಥಿ ನಿಮಗೆಲ್ಲ ಗೊತ್ತದ. ಮಳಿ ಬಂದು ಕಾಗಕ್ಕನ ಮನಿ ಹರದು ಹೋಗ್ತದ, ಬಂದು ಗುಬ್ಬಕ್ಕನ ಬಾಗಿಲಾ ಬಡೀತಾಳ. ಮರಾಠಿಯಾಗ ಇದ ಕಥಿ ಚಿವೂತಾಯಿ ಕಾವೂದಾದಾನ ಹೆಸರಲೆ ಅದ. ಮೂರು ವರ್ಷದ ಕೂಸಿಗಿ ಅದನ್ನ ಕನ್ನಡದಾಗ ಹೇಳ್ರಿ. ಹತ್ತು ಸಲ ಹೇಳ್ರಿ, ಅದು ಬ್ಯಾಸರ ಮಾಡ್ಕೊಳ್ಳೋದಿಲ್ಲ, ನಿಮಗ ಬ್ಯಾಸರ ಆಗ್ತದ. ಅದು ತಾನ ಕಥಿ ತಿರುಗಿ ಹೇಳೋ ಹಂಗ ಆಗಲಿ. ಐದನೇ ವರ್ಷಕ್ಕ ಅದ ಕಥಿ ಮರಾಠಿಯಾಗ ಹೇಳ್ರಿ. ಆಗ ನೋಡ್ರಿ, ಕೂಸಿಗಿ ಕಥಿ ಗೊತ್ತದ, ಗುಬ್ಬಿ ಗೊತ್ತದ, ಮಳಿ ಗೊತ್ತದ. ಹೊಸದು ಬರೇ ಶಬ್ದ. ಚಿಮಣಿ ಅಂದ್ರ ಗುಬ್ಬಿ, ಪಾವೂಸ ಅಂದ್ರ ಮಳಿ ಅಂತ ಯಾರೂ ಹೇಳಿಕೊಡದ ಹಿಡ್ಕೋತದ. ಇದನ್ನ ತಿರುಗಾ ಮುರುಗಾ ಮಾಡಿದ್ರ, ಕಥಿನೂ ಹೊಸದು ಶಬ್ದಾನೂ ಹೊಸದು, ಎರಡೂ ಕೈಗೆ ಸಿಗೋದಿಲ್ಲ.

ಕೆಲವರು ನನಗ ಅಂತಾರ, "ಬಾಯಾರ, ಜಯದೇವಿತಾಯಿ ಲಿಗಾಡೆ ಅವರು ಸೋಲಾಪುರದಾಗ ಮರಾಠಿಯಾಗ ಕಲಿತವರು, ಹಂಗಾದ್ರೂ ಕನ್ನಡದ ದೊಡ್ಡ ಕವಿ ಆದ್ರಲ್ಲ?" ಖರೆ. 1912ರಲ್ಲಿ ಹುಟ್ಟಿದವರು, ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ಬರೆದರು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಹೆಣ್ಣುಮಗಳು. ಆದ್ರ ಅವರ ಕಾಲದ ಸೋಲಾಪುರ ನೆನಸ್ರಿ. ಶಾಲಿ ಮರಾಠಿ ಇದ್ರೂ ಮನ್ಯಾಗ, ಮಠದಾಗ, ಬೀಸೋ ಕಲ್ಲಿನ ಮುಂದ ಕನ್ನಡದ ಹಾಡು, ವಚನ, ಪುರಾಣ ಕಿವಿ ತುಂಬ ಬೀಳ್ತಿತ್ತು. ಇವತ್ತಿನ ಮನ್ಯಾಗ ಬೀಸೋ ಕಲ್ಲಿಲ್ಲ, ಅಜ್ಜಿ ಹೊಲಕ್ಕ ಹೋಗ್ಯಾಳ, ಅವ್ವ ಕೆಲಸಕ್ಕ ಹೋಗ್ಯಾಳ, ಕೂಸಿನ ಕೈಯಾಗ ಹಿಂದಿ ಕಾರ್ಟೂನಿನ ಮೊಬೈಲ್ ಅದ. ಒಬ್ಬ ಜಯದೇವಿತಾಯಿಯ ಹೆಸರು ತೋರಿಸಿ ಸಾವಿರ ಮಕ್ಕಳ ಲೆಕ್ಕ ಮುಗಿಸಬ್ಯಾಡ್ರಿ.

ಅವ್ವ-ಅಪ್ಪಂದಿರ ಇಂಗ್ಲಿಷ್ ಆಸೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ತಿಂಗಳಾ ಫೀ ಕಟ್ಟಿ ನರ್ಸರಿ ವ್ಯಾನಿನಾಗ ಕೂಡಿಸೋ ಅವ್ವಗ ಭಾಷಾಭಿಮಾನದ ಭಾಷಣ ಮಾಡಿದ್ರ ಆಕಿ ಕೇಳೋದಿಲ್ಲ, ಕೇಳಬಾರದು ಸುದ್ದಾ. ಆಕಿಗಿ ಬೇಕಾದದ್ದು ಮಗು ಹುಷಾರ್ ಆಗೋದು. ಅದಕ್ಕ ಆಕಿ ಮುಂದ ಅಂಗನವಾಡಿ ಕೂಸು ಒಂದು ಕಥಿ ಪೂರಾ ಹೇಳಿ ತೋರಿಸಲಿ. ವ್ಯಾನಿನಾಗ ಹೋಗೋ ಕೂಸು ಎ ಫಾರ್ ಆ್ಯಪಲ್ ಅಂತದ. ಅಂಗನವಾಡಿ ಕೂಸು "ನಿನ್ನೆ ನಮ್ಮ ಎಮ್ಮಿ ಈದಿತು, ಕರಾ ನಿಲ್ಲಾಕ ಹೋಗಿ ಬಿತ್ತು, ಆಮ್ಯಾಲ ಅಪ್ಪ ಎತ್ತಿದ" ಅಂತ ನಾಲ್ಕು ಮಾತು ಜೋಡಿಸ್ತದ. ಅವ್ವ ತಾನ ತೂಕ ಮಾಡ್ತಾಳ.

ಸರಿ, ನೀವು ಏನ್ ಮಾಡಬೇಕು? ನನಗ ತಿಳಿದಷ್ಟು ಹೇಳ್ತೀನಿ.

ನಿಮ್ಮ ನಿಮ್ಮ ಊರ ಅಂಗನವಾಡಿಗೆ ಹೋಗ್ರಿ, ಮೊದಲನೇ ಸಲ ಬರೇ ಕೂತು ನೋಡ್ರಿ. ಎಷ್ಟು ಮಕ್ಕಳ ಮನೆಮಾತು ಕನ್ನಡ, ಎಷ್ಟರದು ಮರಾಠಿ, ಎಷ್ಟರದು ಲಂಬಾಣಿ ಅಥವಾ ಉರ್ದು, ಸೇವಿಕಾ ಜೊತಿಗೆ ಕೂತು ಬರಕೋಳ್ರಿ. ಈ ಪಟ್ಟಿ ಇಲ್ಲದ ಭರ್ತಿಯ ಷರತ್ತು ಕೇಳಾಕ ಆಗೋದಿಲ್ಲ. ಅರ್ಧಕ್ಕಿಂತ ಹೆಚ್ಚು ಅಂತ ಬಾಯಿಲೆ ಹೇಳಿದ್ರ ಪ್ರಕಲ್ಪ ಕಚೇರ್ಯಾಗ ನಡೆಯೋದಿಲ್ಲ, ಗ್ರಾಮಸಭೆಯ ಠರಾವಿನ ಜೊತಿಗೆ ಹೆಸರಿನ ಪಟ್ಟಿ ಕೊಟ್ರ ನಡೀತದ. ಒಂದು ಮಾತು ನೆನಪಿರಲಿ, ಆ ಅಂಗನವಾಡ್ಯಾಗ ಲಂಬಾಣಿ ಕೂಸು ಎರಡಿದ್ರ ಅವಕ್ಕ ನಮ್ಮ ಕನ್ನಡಾನೂ ಹೊಸ ಭಾಷಾನ. ಅವೂ ಸುಮ್ಮ ಕೂತಿರ್ತಾವ, ಅವುಗಳ ಕಡಿನೂ ನೋಡ್ರಿ.

ಹಾಡು-ಕಥಿ ಕೂಡಿಸ್ರಿ. ಪುಸ್ತಕದಾಗಿನದು ಬ್ಯಾಡ, ನಿಮ್ಮ ಅಜ್ಜಿ ಹಾಡೋದು, ತೊಟ್ಟಿಲಾ ತೂಗುವಾಗಿನದು, ಕೂಸಿನ ಕೈಬೆರಳು ಎಣಿಸಿ ಕಚಗುಳಿ ಇಡುವಾಗಿನದು. ಬೆಂಗಳೂರಿನಿಂದ ಬಂದ ಶಿಶುಗೀತಿ ಸೀಡಿ ನಾ ನೋಡೀನಿ, ಚಂದ ಅದ, ಆದ್ರ ಅದರ ಕನ್ನಡ ನಮ್ಮ ಕೂಸಿಗಿ ಅರ್ಧ ಹೊಸದು. "ಬಾರೋ", "ಎಲ್ಲಿದೀಯಾ" ಅಂದ್ರ ನಗ್ತಾವ. ಮೊದಲು ನಮ್ಮ ಕಡಿ ಮಾತು ಬರಲಿ, ಪುಸ್ತಕದ ಕನ್ನಡ ಒಂದನೇ ಇಯತ್ತೆಯೊಳಗ ನಿಧಾನಕ ಬರ್ತದ.

ಆಟದ ಚೀಲ ಮಾಡ್ರಿ. ಹುಣಸಿ ಬೀಜ, ಕವಡಿ, ತೊಗರಿ, ಕಡ್ಲಿ, ಸೇಂಗಾ, ಜ್ವಾಳದ ತೆನಿ, ಬಣ್ಣಬಣ್ಣದ ಬಟ್ಟಿ ತುಂಡು. ಸೋಲಾಪುರದ ಚಾದರದ ತುಂಡು ಸಿಕ್ರ ಇನ್ನೂ ಛಲೋ, ಅದರ ಪಟ್ಟಿ-ಪಟ್ಟಿ ನೋಡಿ ಬಣ್ಣ, ಸಾಲು, ಚೌಕ ಎಲ್ಲಾ ಹೇಳಿಸಬಹುದು. ಮೂಗಿನಾಗ, ಕಿವ್ಯಾಗ ಬೀಜ ತುರುಕದಂಗ ದೊಡ್ಡವರು ಬಾಜೂಕ ಇರಬೇಕು, ಇದು ಮರೀಬ್ಯಾಡ್ರಿ. ಮಣ್ಣೆತ್ತಿನ ಅಮವಾಸಿ ಬರೋದು ಜೂನ್ ಇಲ್ಲಾ ಜುಲೈದಾಗ, ಹೊಸ ಮಕ್ಕಳು ಅಂಗನವಾಡಿಗೆ ಬಂದ ಹೊಸದರಾಗ. ಅವತ್ತ ಹಸೀ ಮಣ್ಣು ಒಯ್ದು ಮಕ್ಕಳ ನಡುವ ಇಡ್ರಿ. ಬೆರಳಿಗಿ ಬಲ ಬರ್ತದ, ಕೋಡು, ಬಾಲ, ಇಣಿ, ಗ್ವಾದ್ಲಿ, ಗೆಜ್ಜಿ ಅಂತ ಮಾತು ತಾನಾಗಿ ಬರ್ತಾವ. ವರ್ಷಗಟ್ಟಲೆ ಬಾಯಿ ಬಿಡದ ಹುಡುಗ "ನನ್ನ ಎತ್ತು ಹಾಯ್ತದ" ಅಂತ ಕೂಗಿದ್ದು ನಾ ಕೇಳೀನಿ.

ಗೋಡಿಗೆ ಹಚ್ಚಿದ ಮರಾಠಿ ತಕ್ತಾ ತೆಗೆಯಬ್ಯಾಡ್ರಿ. ಅದರ ಬಾಜೂಕ ಕನ್ನಡದ್ದು ಹಚ್ರಿ, ಸೇವಿಕಾ ತಾಯಿಯನ್ನ ಕೇಳಿ ಹಚ್ರಿ. ಸುಗ್ಗಿ ಕಾಲದಾಗ ಕಬ್ಬು ಕಡಿಯಾಕ, ಪುಣೆ ಕಡಿ ಕಟ್ಟಡ ಕೆಲಸಕ್ಕ ಹೋಗೋ ಮನಿ ಮಕ್ಕಳ ಹೆಸರು ಬ್ಯಾರೆ ಬರಕೋಳ್ರಿ, ಅವರು ತಿರುಗಿ ಬಂದಾಗ ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದ ಯಾರಾದ್ರೂ ಹಿಡೀಬೇಕಲ್ಲ.

ವಾರಕ್ಕ ಒಂದು ದಿನ, ಒಂದು ತಾಸು. ಅದಕ್ಕಿಂತ ಹೆಚ್ಚು ಬ್ಯಾಡ, ಸೇವಿಕಾಗ ಅದು ಭಾರ ಆಗ್ತದ. ಆದ್ರ ಆ ಒಂದು ತಾಸು ಒಂದು ವರ್ಷ ತಪ್ಪಬಾರದು. ಎರಡು ವಾರ ಹೋಗಿ, ಫೋಟೋ ಹಾಕಿ, ಮೂರನೇ ವಾರ ಬಿಡೋರು ಮೊದಲನೇ ವಾರಾನೂ ಹೋಗಬ್ಯಾಡ್ರಿ. ನೀವು ಯಾವಾಗ ಬರ್ತೀರಿ ಅಂತ ಕಾಯೋದು ಸಾಹೇಬ ಅಲ್ಲ, ನಾಕು ವರ್ಷದ ಕೂಸು.

ಹಿಂದಿನ ಬೆಂಚಿನಾಗ ಕೂತ ತಂಗಿಯರು ಹನ್ನೆರಡನೇ ಇಯತ್ತಾ ಪಾಸಾದವರು ಯಾರ್ಯಾರು ಅದೀರಿ, ಸಭಾ ಮುಗದ ಮ್ಯಾಲ ನನ್ನ ಹತ್ರ ಬರ್ರಿ. ರಹಿವಾಸಿ ದಾಖಲಾ, ಕನ್ನಡ ವಿಷಯ ಇದ್ದ ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡು ಈಗ ತಗದು ಇಟ್ಕೋಬೇಕು, ಜಾಹೀರಾತು ಬಂದ ಮ್ಯಾಲ ಓಡಾಡಿದ್ರ ಆಗೋದಿಲ್ಲ. ಉಳದ ತಮ್ಮಂದಿರು ನಿಮ್ಮೂರ ಅಂಗನವಾಡಿಯ ಹೆಸರು, ಅಲ್ಲಿ ಹೋಗೋ ದಿನ ಈ ಹಾಳ್ಯಾಗ ಬರದು ಕೊಡ್ರಿ. ಪೆನ್ನು ಮ್ಯಾಜಿನ ಮ್ಯಾಲ ಅದ.